ಹಿಂದಿನ ಹೌಸಿಂಗಿನಿಂದ ಮುಂದಕ್ಕೆ

(ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಬೋರ್ಡಿನ ಮೇಲೆ ಗೀಚಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ನಾನೇ ಕಟ್ಟಿದ ಕಾರು ನೋಡಬೇಕೆಂದು ಶೆಡ್ಡಿಗೆ ಬಂದವರೆಲ್ಲ ಮೊದಲು ಬಾನೆಟ್ ಎತ್ತಿಸುತ್ತಾರೆ. "ಯಾವ ಎಂಜಿನ್ ಹಾಕೀರಿ?" ಅಂತ ಕೇಳುತ್ತಾರೆ. "ಓಮ್ನಿದು" ಅಂದರೆ ಮುಖ ಸ್ವಲ್ಪ ಇಳಿಯುತ್ತದೆ. ಆಗ ನಾನು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ನೆಲಕ್ಕೊಂದು ಗೋಣಿತಟ್ಟು ಹಾಸಿ, ಬಗ್ಗಿ ನೋಡಲು ಹೇಳುತ್ತೇನೆ. ಎರಡು ಹಿಂಗಾಲಿಗಳ ನಡುವೆ ಕಬ್ಬಿಣದ ಕೊಳವೆ, ನಡುವೆ ಗುಂಡಗಿನ ಹೊಟ್ಟೆ, ಹೊಟ್ಟೆಯಿಂದ ಮುಂದಕ್ಕೆ ಚಾಚಿದ ಒಂದು ಮೂತಿ. ಎಂಜಿನ್ನಿನ ತಿರುಗುವಿಕೆಯನ್ನು ಹಿಂಗಾಲಿಗಳಿಗೆ ಮುಟ್ಟಿಸುವ ಹಲ್ಲುಚಕ್ರಗಳು ಅದರೊಳಗಿವೆ. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ಹೌಸಿಂಗ್ ಅಂತಲೇ ಹೆಸರು. ಮೂರು ವರ್ಷದ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದೂ, ಹೆಚ್ಚು ಕಲಿಸಿದ್ದೂ ಆ ಮೂತಿ. ಎಂಜಿನ್ ಎಲ್ಲಿ, ಎಷ್ಟು ಎತ್ತರಕ್ಕೆ, ಯಾವ ಓರೆಯಲ್ಲಿ ಕೂಡಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಇವತ್ತಿನ ಮಾತನ್ನೂ ಅಲ್ಲಿಂದಲೇ ಹಿಡಿಯುತ್ತೇನೆ.

ಮನೆಯಲ್ಲಿ ಕಾರು ಕಟ್ಟುವುದು ಹೊಸ ಸಂಗತಿ ಅಲ್ಲ. 1957ರಲ್ಲಿ ಬ್ರಿಟನ್ನಿನ ಕಾಲಿನ್ ಚಾಪ್‌ಮನ್ ಅವರು ಲೋಟಸ್ ಸೆವೆನ್ ಅನ್ನುವ ಪುಟ್ಟ ಕಾರು ತಂದರು. ಚೌಕಟ್ಟಿನಂಥ ಚಾಸಿ, ಎರಡು ಸೀಟು, ಬಾಗಿಲೂ ಇಲ್ಲ. ಪೂರ್ತಿ ಕಾರಿಗೆ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಹಾಗಾಗಿ ಜನ ಪೆಟ್ಟಿಗೆಯಲ್ಲಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಆ ಕಾರನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು, ಅವರು ಇಂದಿಗೂ ಅದನ್ನು ಮಾಡುತ್ತಿದ್ದಾರೆ. ಮುಂದೆ ಎಂಜಿನ್, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ತಿರುಗುವಿಕೆಯನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಶಾಫ್ಟ್, ಕೊನೆಗೆ ಹಿಂದಿನ ಹೌಸಿಂಗ್. ನಾನು ಕಟ್ಟಿದ್ದೂ ಅದೇ ಜೋಡಣೆಯ ಕಾರು, ಒಂದು ಇಂಚಿನ ಚೌಕ ಪೈಪಿನಲ್ಲಿ.

ನಮ್ಮ ಊರಿಗೂ ಈ ವಿದ್ಯೆ ಹೊರಗಿನದಲ್ಲ. ಪೆಟ್ರೋಲ್ ಜೀಪುಗಳನ್ನು ಡೀಸೆಲ್ಲಿಗೆ ತಿರುಗಿಸಿದ, ಅಂಬಾಸಡರ್ ಹೊಟ್ಟೆಯಲ್ಲಿ ಡೀಸೆಲ್ ಎಂಜಿನ್ ಕೂಡಿಸಿದ ಮೇಸ್ತ್ರಿಗಳನ್ನು ನಾನು ಸಣ್ಣವನಿದ್ದಾಗಿನಿಂದ ಅಪ್ಪನ ಗ್ಯಾರೇಜಿನಲ್ಲಿ ನೋಡಿದ್ದೇನೆ. ಅವರ ಕೈಯಲ್ಲಿ ನಕ್ಷೆ ಇರುತ್ತಿರಲಿಲ್ಲ, ಸುತಳಿ ಇರುತ್ತಿತ್ತು. ಸುತಳಿಯನ್ನು ಹಿಂದಿನ ಹೌಸಿಂಗಿಗೆ ಕಟ್ಟಿ ಮುಂದಕ್ಕೆ ಎಳೆದುಕೊಂಡು ಬರುತ್ತಿದ್ದರು. ಅದು ಯಾಕೆ ಅನ್ನುವುದು ನನಗೆ ಮೂವತ್ತು ವರ್ಷ ದಾಟಿದ ಮೇಲೆ ಅರ್ಥವಾಯಿತು.

ಕಾನೂನಿನ ಮಾತನ್ನು ಇಲ್ಲೇ ಆಡಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದು ಗಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಹೊಸದಾಗಿ ಕಟ್ಟಿದ ವಾಹನ ರಸ್ತೆಗೆ ಇಳಿಯಬೇಕಾದರೆ ಅದರ ಮಾದರಿ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಬೇಕು. ಒಬ್ಬನೇ ಮನುಷ್ಯ ಒಂದೇ ಕಾರಿಗಾಗಿ ಮಾಡಿಸುವ ಕೆಲಸ ಅದಲ್ಲ. ನನ್ನ ಕಾರು ಅಣ್ಣಿಗೇರಿ ಹತ್ತಿರ ಸೋದರಮಾವನ ಹೊಲದಲ್ಲಿ, ನಾವೇ ಗರಸು ಹಾಕಿಸಿದ ದಾರಿಯಲ್ಲಿ ಓಡುತ್ತದೆ. ರಸ್ತೆಗೆ ಒಂದು ಸಲವೂ ತಂದಿಲ್ಲ, ತರುವುದೂ ಇಲ್ಲ. ಎಂಜಿನ್ನಿಗಾಗಿ ಹಳೆಯ ಗಾಡಿ ಬಿಚ್ಚುತ್ತೀರಾದರೆ ಅದರ ಲೆಕ್ಕವನ್ನೂ ನೇರ ಇಡಿ. ಗಾಡಿ ಇನ್ನು ಓಡುವುದಿಲ್ಲ ಎಂದಾದರೆ 55ನೇ ಕಲಂ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಕಾಗದವಿಲ್ಲದ ಎಂಜಿನ್ ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ.

ಓಮ್ನಿಯೇ ಯಾಕೆ? ಮಾರುತಿ 800 ಮತ್ತು ಓಮ್ನಿ ಎರಡರಲ್ಲೂ ಇರುವುದು ಅದೇ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಆದರೆ 800ರಲ್ಲಿ ಅದು ಅಡ್ಡ ಕೂತು ಮುಂಗಾಲಿಗಳನ್ನು ತಿರುಗಿಸುತ್ತದೆ. ಓಮ್ನಿಯಲ್ಲಿ ಉದ್ದಕ್ಕೆ ಕೂತು ಹಿಂಗಾಲಿಗಳನ್ನು ತಿರುಗಿಸುತ್ತದೆ. ಅಂದರೆ ನನಗೆ ಬೇಕಾದ ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಹೌಸಿಂಗ್, ಎಲ್ಲ ಒಂದೇ ಗಾಡಿಯಲ್ಲಿ, ಒಂದಕ್ಕೊಂದು ಒಗ್ಗಿದ ಸ್ಥಿತಿಯಲ್ಲಿ ಸಿಗುತ್ತವೆ. ಸುಮಾರು 35 ಅಶ್ವಶಕ್ತಿ ಮಾತ್ರ, ನಿಜ. ಕಾರಿನ ತೂಕವನ್ನು ಐದುನೂರು ಕಿಲೋ ಹತ್ತಿರ ಇಟ್ಟುಕೊಂಡರೆ ಅದು ಸಾಕು. ನನ್ನದು ಹಳೆಯ ಕಾರ್ಬುರೇಟರಿನ ಎಂಜಿನ್. ಎಂಪಿಎಫ್‌ಐ, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ತೆಗೆದುಕೊಂಡರೆ ಅದನ್ನು ನಡೆಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಎಲ್ಲವನ್ನೂ ಅದೇ ಗಾಡಿಯಿಂದ ಒಂದು ತಂತಿಯನ್ನೂ ಕತ್ತರಿಸದೆ ಎತ್ತಿಕೊಂಡು ಬರಬೇಕು. ಪೆಟ್ರೋಲ್ ಪೈಪು ಕೂಡ ಹೆಚ್ಚಿನ ಒತ್ತಡ ತಾಳುವಂಥದ್ದೇ ಆಗಬೇಕು. ಮೊದಲ ಕಾರಿಗೆ ಕಾರ್ಬುರೇಟರ್ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಈಗ ಮೂತಿಗೆ ಬರೋಣ.

ಗೇರ್‌ಬಾಕ್ಸಿನ ಬಾಲ ಎಂಜಿನ್ ಜೊತೆ ಚಾಸಿಗೆ ಕಟ್ಟಿಕೊಂಡಿದೆ. ಹಿಂದಿನ ಹೌಸಿಂಗ್ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಮೇಲೆ ಏರಿಳಿಯುತ್ತದೆ. ಇವೆರಡನ್ನು ಒಂದೇ ಗಟ್ಟಿ ಸಲಾಕೆಯಿಂದ ಜೋಡಿಸಿದರೆ ಮೊದಲ ತಗ್ಗಿನಲ್ಲೇ ಮುರಿಯುತ್ತದೆ. ಅದಕ್ಕೇ ಶಾಫ್ಟಿನ ಎರಡು ತುದಿಗೂ ಕ್ರಾಸ್ ಇರುವ ಜಾಯಿಂಟು, ಮುಂದಿನ ತುದಿಯಲ್ಲಿ ಒಳಗೆ ಹೊರಗೆ ಜಾರುವ ಹಲ್ಲಿನ ಕೊಳವೆ. ಇಷ್ಟು ನಿಮಗೆಲ್ಲ ಗೊತ್ತು. ಆದರೆ ಈ ಕ್ರಾಸ್ ಜಾಯಿಂಟಿಗೆ ಒಂದು ಗುಣವಿದೆ. ಓರೆಯಲ್ಲಿ ತಿರುಗುವಾಗ ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಸಮವಾಗಿರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಮೂರು ಡಿಗ್ರಿ ಓರೆಯಲ್ಲಿ ಈ ಏರುಪೇರು ಶೇಕಡಾ 0.14ರಷ್ಟು. ಆರು ಡಿಗ್ರಿಯಲ್ಲಿ 0.55. ಹತ್ತಕ್ಕೆ ಹೋದರೆ ಒಂದೂವರೆ. ಓರೆ ಎರಡು ಪಟ್ಟಾದರೆ ಏರುಪೇರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸಿ.

ಎರಡು ಜಾಯಿಂಟು ಯಾಕೆ ಬೇಕು ಅನ್ನುವುದರ ಉತ್ತರ ಇಲ್ಲಿದೆ. ಮುಂದಿನದು ಹುಟ್ಟಿಸಿದ ಏರುಪೇರನ್ನು ಹಿಂದಿನದು ಅಳಿಸಬೇಕು. ಅಳಿಸಬೇಕಾದರೆ ಎರಡೂ ಓರೆ ಸಮ ಇರಬೇಕು, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವಲುಗಳು ಒಂದೇ ನೇರದಲ್ಲಿರಬೇಕು. ಗೇರ್‌ಬಾಕ್ಸಿನ ಬಾಲ ಮೂರು ಡಿಗ್ರಿ ಹಿಂದಕ್ಕೆ ಇಳಿದಿದ್ದರೆ, ಹೌಸಿಂಗಿನ ಮೂತಿ ಅದೇ ಮೂರು ಡಿಗ್ರಿ ಮುಂದಕ್ಕೆ ಏರಿರಬೇಕು. ಎರಡು ಗೆರೆ ಒಂದಕ್ಕೊಂದು ಸಮಾನಾಂತರ, ನಡುವೆ ಶಾಫ್ಟು ಓರೆ. ಹಾಗಂತ ಮೂರನ್ನೂ ಒಂದೇ ಗೆರೆಗೆ ತಂದು ಓರೆಯೇ ಇಲ್ಲದಂತೆ ಮಾಡುವುದೂ ತಪ್ಪು. ಕ್ರಾಸಿನ ತುದಿಗಳಲ್ಲಿ ಸೂಜಿಯಂಥ ಬೇರಿಂಗುಗಳಿವೆ, ಅವು ಸ್ವಲ್ಪವಾದರೂ ಹೊರಳಾಡಬೇಕು. ಹೊರಳದೆ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲೇ ಕುಳಿ ಬೀಳುತ್ತದೆ. ಒಂದರಿಂದ ಮೂರು ಡಿಗ್ರಿ ಇದ್ದರೆ ಚೆನ್ನ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಹೌಸಿಂಗನ್ನು ಕಮಾನು ಪಟ್ಟಿಗೆ ಕಟ್ಟುವಾಗ ಮೂತಿಯ ಮೇಲೆ ರಸಮಟ್ಟ ಇಟ್ಟು ಗುಳ್ಳೆಯನ್ನು ನಡುವೆ ತಂದೆ. ಸಪಾಟು ಇದ್ದರೆ ಸರಿ ಇದ್ದಂತೆ ಅಂದುಕೊಂಡೆ. ಗೇರ್‌ಬಾಕ್ಸಿನ ಬಾಲ ಮೂರು ಡಿಗ್ರಿ ಇಳಿದಿತ್ತು, ಶಾಫ್ಟು ಆರು ಡಿಗ್ರಿ. ಅಂದರೆ ಮುಂದಿನ ಜಾಯಿಂಟಿನಲ್ಲಿ ಮೂರು ಡಿಗ್ರಿ ಓರೆ, ಹಿಂದಿನದರಲ್ಲಿ ಆರು. ಮುಂದಿನದು ಹುಟ್ಟಿಸಿದ್ದಕ್ಕಿಂತ ನಾಲ್ಕು ಪಟ್ಟು ಹಿಂದಿನದು ಹುಟ್ಟಿಸುತ್ತಿತ್ತು. ಹೊಲದ ದಾರಿಯಲ್ಲಿ ನಿಧಾನಕ್ಕೆ ಓಡಿಸಿದಾಗ ಏನೂ ಗೊತ್ತಾಗಲಿಲ್ಲ. ನಾಲ್ಕನೇ ಗೇರಿಗೆ ಹಾಕಿ ಸ್ವಲ್ಪ ಒತ್ತಿದಾಗ ಸೀಟಿನ ಕೆಳಗಿಂದ ಒಂದು ಗುಂಯ್ ಎನ್ನುವ ನಡುಕ ಬೆನ್ನುಮೂಳೆಗೆ ಏರಿತು. ನಾಲ್ಕನೇ ಗೇರಿನಲ್ಲಿ ಶಾಫ್ಟು ಎಂಜಿನ್ನಿನಷ್ಟೇ ತಿರುಗುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು, ಸುತ್ತಿಗೆ ಎರಡು ಜಗ್ಗು. ಸೆಕೆಂಡಿಗೆ ನೂರು ಸಲ ಯಾರೋ ಹೌಸಿಂಗನ್ನು ಜಗ್ಗಿ ಬಿಟ್ಟಂತೆ.

ಟೈರ್ ಬ್ಯಾಲೆನ್ಸ್ ಇಲ್ಲ ಅಂದುಕೊಂಡೆ. ಗಾಲಿ ಬದಲಿಸಿದೆ. ಶಾಫ್ಟಿನ ಮೇಲೆ ಅನುಮಾನ ಬಂತು, ಬಿಚ್ಚಿ ಮತ್ತೆ ಬ್ಯಾಲೆನ್ಸ್ ಮಾಡಿಸಿದೆ. ನಡುಕ ಹಾಗೆಯೇ ಇತ್ತು. ಕೊನೆಗೆ ನಮ್ಮ ಲೇತ್ ಕಾಕಾ ಬಂದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ಅಪ್ಪನ ಕಾಲದಿಂದ ನಮಗೆ ಕಾಕಾನೇ. ಗೋಣಿತಟ್ಟಿನ ಮೇಲೆ ಅಂಗಾತ ಮಲಗಿ, ಮುಂದೊಮ್ಮೆ ಹಿಂದೊಮ್ಮೆ ನೋಡಿ, "ತಮ್ಮಾ, ಕಾರಿನ್ಯಾಗ ಕೂತವ್ರು ಯಾರು?" ಅಂದರು.

"ಯಾರೂ ಇಲ್ಲ ಕಾಕಾ."

"ಮತ್ತ ಅಳತಿ ಹೆಂಗ್ ತಗೊಂಡಿ? ಖಾಲಿ ಚಕ್ಕಡಿ ಅಚ್ಚು ಬ್ಯಾರೆ, ಹೇರಿದ ಚಕ್ಕಡಿ ಅಚ್ಚು ಬ್ಯಾರೆ."

ಆ ಮಧ್ಯಾಹ್ನ ಎರಡು ಸೀಟಿನಲ್ಲೂ ಉಸುಕಿನ ಚೀಲ ಹೇರಿದೆವು, ಒಟ್ಟು ನೂರಾ ನಲವತ್ತು ಕಿಲೋ. ಪೆಟ್ರೋಲ್ ಟ್ಯಾಂಕಿಗೆ ಅರ್ಧ ನೀರು ತುಂಬುವ ಯೋಚನೆ ಬಂದಿತ್ತು, ಬಿಟ್ಟು ಅದರ ಬದಿಗೆ ಇನ್ನೊಂದು ಚೀಲ ಇಟ್ಟೆವು. ನಾಲ್ಕೂ ಗಾಲಿ ನೆಲದ ಮೇಲಿಟ್ಟು, ಕಾರನ್ನು ಒಂದೆರಡು ಸಲ ಅದುಮಿ ಬಿಟ್ಟು, ಆಮೇಲೆ ಕೋನ ಅಳೆದೆವು. ಎರಡು ಡಿಗ್ರಿಯ ಕಬ್ಬಿಣದ ಬೆಣೆಗಳನ್ನು ಕಾಕಾ ತಮ್ಮ ಮಷೀನಿನಲ್ಲಿ ಕಡೆದು ಕೊಟ್ಟರು. ಅವನ್ನು ಕಮಾನು ಪಟ್ಟಿಗೂ ಹೌಸಿಂಗಿನ ಪೀಠಕ್ಕೂ ನಡುವೆ ಇಟ್ಟು, ಮೂತಿ ಎರಡು ಡಿಗ್ರಿ ಮೇಲೇಳುವಂತೆ ಯು-ಬೋಲ್ಟ್ ಬಿಗಿದೆವು. ಮೂತಿ ಎದ್ದಾಗ ಶಾಫ್ಟಿನ ಹಿಂದಿನ ತುದಿಯೂ ಎದ್ದು ಅದರ ಓರೆ ಕೂಡ ಅರ್ಧ ಡಿಗ್ರಿ ಕಡಿಮೆಯಾಯಿತು. ಈಗ ಮುಂದೆ ಎರಡೂವರೆ, ಹಿಂದೆ ಮೂರೂವರೆ.

ಯಾಕೆ ಪೂರ್ತಿ ಸಮ ಮಾಡಲಿಲ್ಲ ಅಂತ ನೀವು ಕೇಳಬೇಕು. ಕಮಾನು ಪಟ್ಟಿಯ ಮೇಲಿನ ಹೌಸಿಂಗ್, ಎಂಜಿನ್ ಎಳೆಯುವಾಗ ಸುಮ್ಮನಿರುವುದಿಲ್ಲ. ಗಾಲಿ ಮುಂದಕ್ಕೆ ಉರುಳಿದರೆ ಹೌಸಿಂಗ್ ಹಿಂದಕ್ಕೆ ತಿರುಗಲು ನೋಡುತ್ತದೆ, ಪಟ್ಟಿ ಸೊಟ್ಟಗಾಗಿ ಮೂತಿ ಇನ್ನಷ್ಟು ಮೇಲೇಳುತ್ತದೆ. ಆ ಒಂದು ಡಿಗ್ರಿಯನ್ನು ಅದಕ್ಕಾಗಿ ಬಿಟ್ಟೆವು. ಮರುದಿನ ಅದೇ ದಾರಿಯಲ್ಲಿ ಅದೇ ಗೇರಿನಲ್ಲಿ ಓಡಿಸಿದೆ. ನಡುಕ ಇರಲಿಲ್ಲ. ಗರಸಿನ ಸದ್ದು, ಗಾಳಿಯ ಸದ್ದು ಮಾತ್ರ. ಅಪ್ಪನ ಗ್ಯಾರೇಜಿನ ಮೇಸ್ತ್ರಿಗಳು ಸುತಳಿಯನ್ನು ಹಿಂದಿನಿಂದ ಯಾಕೆ ಎಳೆಯುತ್ತಿದ್ದರು ಅನ್ನುವುದು ಅವತ್ತು ತಿಳಿಯಿತು.

ಆದ್ದರಿಂದ ನನ್ನ ಕ್ರಮ ಇಷ್ಟೇ. ಮೊದಲು ಹೌಸಿಂಗ್, ಗಾಲಿ, ಕಮಾನು ಪಟ್ಟಿ ಕೂಡಿಸಿ ತೂಕ ಹೇರಿ. ಆಮೇಲೆ ಖಾಲಿ ಎಂಜಿನ್ ಬ್ಲಾಕಿಗೆ ಗೇರ್‌ಬಾಕ್ಸ್ ಕಟ್ಟಿ ಚೈನ್ ಪುಲ್ಲಿಯಿಂದ ತೂಗುಬಿಟ್ಟು ಜಾಗ ನೋಡಿ. ಕ್ರ್ಯಾಂಕು, ಪಿಸ್ಟನ್ನು ಇಲ್ಲದ ಗುಜರಿ ಬ್ಲಾಕು ಸಿಕ್ಕರೆ ಇಬ್ಬರೇ ಎತ್ತಿ ಇಳಿಸಬಹುದು. ನಾನು ಹದಿನೇಳು ಸಲ ಎತ್ತಿ ಇಳಿಸಿದ್ದೇನೆ. ಮೌಂಟಿಂಗ್ ಬ್ರಾಕೆಟ್ಟುಗಳನ್ನು ಟ್ಯಾಕ್ ಮಾತ್ರ ಮಾಡಿ, ಅಂದರೆ ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಪೂರ್ತಿ ವೆಲ್ಡ್ ಮಾಡಬೇಡಿ. ಸ್ಟೇರಿಂಗ್ ರಾಡು ಸೈಲೆನ್ಸರ್ ಪೈಪಿಗೆ ತಾಗುತ್ತದೆಯೇ, ಕ್ಲಚ್ ಪೆಡಲ್ ಒತ್ತುವ ಕಾಲಿಗೆ ಜಾಗ ಉಳಿಯಿತೇ, ಆಯಿಲ್ ಫಿಲ್ಟರ್ ಬಿಚ್ಚಲು ಕೈ ಹೋಗುತ್ತದೆಯೇ, ಎಂಜಿನ್ ತಳದ ಆಯಿಲ್ ತಟ್ಟೆ, ಅಂದರೆ ಸಂಪು, ನೆಲದಿಂದ ಎಷ್ಟು ಮೇಲಿದೆ, ಇದೆಲ್ಲ ಮುಗಿಯುವವರೆಗೂ ಟ್ಯಾಕೇ ಸಾಕು. ಎಂಜಿನ್ ಮೂಲ ಗಾಡಿಯಲ್ಲಿ ಎಷ್ಟು ಓರೆಯಲ್ಲಿತ್ತೋ ಅಷ್ಟೇ ಓರೆ ಇಲ್ಲೂ ಇರಲಿ. ಸಂಪಿನಲ್ಲಿ ಆಯಿಲ್ ಎಳೆಯುವ ಕೊಳವೆಯನ್ನು ಆ ಓರೆಗಾಗಿಯೇ ಇಟ್ಟಿರುತ್ತಾರೆ. ಜಾರುವ ಕೊಳವೆ ಒಳಗೆ ಪೂರ್ತಿ ಹೋಗಿ ತಳ ಮುಟ್ಟುವುದಕ್ಕೆ ಎರಡು ಸೆಂಟಿಮೀಟರಾದರೂ ಬಾಕಿ ಇರುವಂತೆ ಶಾಫ್ಟಿನ ಉದ್ದ ಕತ್ತರಿಸಿ. ಕತ್ತರಿಸಿ ಬೆಸೆದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಲೇಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಬಿಡಬಾರದು. ಇಂಥ ಸಣ್ಣ ಕಾರಿನಲ್ಲಿ ಶಾಫ್ಟು ಹಾಯುವುದು ನಿಮ್ಮ ಸೊಂಟದ ಪಕ್ಕದಲ್ಲೇ. ಮುಂದಿನ ಜಾಯಿಂಟು ಕಡಿದರೆ ಶಾಫ್ಟಿನ ತುದಿ ಕೆಳಗೆ ಬಿದ್ದು ನೆಲಕ್ಕೆ ನಾಟಿ ಕಾರನ್ನೇ ಎತ್ತಬಹುದು, ಇಲ್ಲವೆ ಮೇಲೆದ್ದು ತಗಡು ಸೀಳಿ ಒಳಗೆ ಬರಬಹುದು. ಶಾಫ್ಟಿನ ಸುತ್ತ ಎರಡು ಕಡೆ ದಪ್ಪ ಪಟ್ಟಿಯ ಬಳೆ ಹಾಕಿ, ಒಂದು ಮುಂದಿನ ಜಾಯಿಂಟಿನ ಹತ್ತಿರ ಇರಲೇಬೇಕು. ಅರ್ಧ ದಿನದ ಕೆಲಸ. ನನ್ನ ಮಗಳು ಪಕ್ಕದ ಸೀಟಿನಲ್ಲಿ ಕೂತಾಗೆಲ್ಲ ಆ ಬಳೆಗಳ ನೆನಪು ನನಗೆ ಧೈರ್ಯ ಕೊಡುತ್ತದೆ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಗಂಟು ಹಾಕುವ ಸಂಜೆಯದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೇರ್‌ಬಾಕ್ಸಿನ ಮೂಗಿನ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಹಾಯ್ದು, ಕ್ರ್ಯಾಂಕಿನ ಹಿಂತುದಿಯ ಪುಟ್ಟ ಬೇರಿಂಗಿನಲ್ಲಿ ತುದಿ ಇಡಬೇಕು. ಮೂರೂ ಒಂದೇ ನೇರಕ್ಕೆ ಬರಬೇಕು. ನಮ್ಮದು ಹತ್ತು ಮಿಲಿಮೀಟರ್ ಸಂದು ಬಿಟ್ಟು ನಿಂತುಬಿಟ್ಟಿತು. ಅಲುಗಿಸಿದೆವು, ತಿರುಗಿಸಿದೆವು, ಮುಂದೆ ಹೋಗಲಿಲ್ಲ. ಶೆಡ್ಡಿನಲ್ಲಿ ನನ್ನ ಕೈಗೆ ಕೈ ಕೊಡುವ ಹುಡುಗ ಉದ್ದ ಬೋಲ್ಟು ತಂದು "ಅಣ್ಣಾ, ನಾಕೂ ಕಡೆ ಬಿಗದ್ರ ತಾನ ಬರ್ತೈತಿ" ಅಂದ. ಪಾನಾ ನನ್ನ ಕೈಯಲ್ಲೇ ಇತ್ತು. ಕಾಕಾ ಸುಮ್ಮನೆ ಬಂದು ಪಾನಾ ಇಸಿದುಕೊಂಡು ಮೇಜಿನ ಮೇಲಿಟ್ಟರು. ಬಿಗಿದಿದ್ದರೆ ಪ್ಲೇಟಿನ ನಡುಭಾಗ ಬಾಗುತ್ತಿತ್ತು, ಇಲ್ಲವೆ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕಿವಿ ಒಡೆಯುತ್ತಿತ್ತು. ಎಲ್ಲ ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟ್ ಎರಡು ಮಿಲಿಮೀಟರ್ ಕೆಳಕ್ಕೆ ಜಾರಿ ಕೂತಿತ್ತು. ನಾನು ಕಣ್ಣಳತೆಯಲ್ಲಿ ನಡುವೆ ಇಟ್ಟಿದ್ದೆ. ಕಾಕಾ ಒಂದು ಸಾಗುವಾನಿ ತುಂಡನ್ನು ಲೇತಿಗೆ ಹಾಕಿ, ತುದಿ ಆ ಪುಟ್ಟ ಬೇರಿಂಗಿಗೆ, ಮೈ ಪ್ಲೇಟಿನ ತೂತಿಗೆ ಸರಿಯಾಗುವಂತೆ ಕಡೆದು ಕೊಟ್ಟರು. ಅದನ್ನು ಹೊಗಿಸಿ ಪ್ಲೇಟನ್ನು ನಡುವೆ ಹಿಡಿದು, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿದೆವು. ಆ ಮೇಲೆ ಗೇರ್‌ಬಾಕ್ಸ್ ಅಂಗೈಯ ಒತ್ತಿಗೇ ಟಕ್ ಅಂತ ಕೂತಿತು. ಆ ಸಾಗುವಾನಿ ತುಂಡು ಇವತ್ತು ಇಲ್ಲಿದೆ, ಕೈಯಿಂದ ಕೈಗೆ ದಾಟಿಸಿ ನೋಡಿ. ಪ್ಲೇಟಿನ ಸ್ಪ್ರಿಂಗ್ ಉಬ್ಬಿದ ಮೈ ಗೇರ್‌ಬಾಕ್ಸಿನ ಕಡೆ ಇರಬೇಕು ಎಂಬುದನ್ನೂ ನೆನಪಿಡಿ.

ಮೌಂಟಿಂಗ್ ರಬ್ಬರು. ಎಂಜಿನ್ನನ್ನು ನೇರ ಚಾಸಿಗೆ ಬೋಲ್ಟು ಹಾಕಿ ಬಿಗಿದರೆ ಗಟ್ಟಿ ಅಂತ ಕೆಲವರು ನಂಬುತ್ತಾರೆ. ಮೂರು ಸಿಲಿಂಡರಿನ ಎಂಜಿನ್ ತಾನೇ ತುಯ್ದಾಡುವಂಥದ್ದು, ಬ್ರಾಕೆಟ್ಟಿನ ಬೆಸುಗೆ ತಿಂಗಳೊಳಗೆ ಬಿರಿಯುತ್ತದೆ. ರಬ್ಬರು ಬೇಕು, ಆದರೆ ಅದು ತಾಳಬೇಕಾದ ಬಲವೂ ಕಡಿಮೆ ಏನಲ್ಲ. ಎಂಜಿನ್ ಕೊಡುವುದು ಸುಮಾರು ಅರವತ್ತು ನ್ಯೂಟನ್ ಮೀಟರಿನ ತಿರುಗುಬಲ. ಮೊದಲ ಗೇರಿನಲ್ಲಿ ಅದು ಮೂರೂವರೆ ಪಟ್ಟಾಗಿ ಇನ್ನೂರು ದಾಟುತ್ತದೆ. ಅಷ್ಟೇ ಬಲ ಎಂಜಿನ್ನನ್ನು ಎದುರು ದಿಕ್ಕಿಗೆ ಮಗುಚಲು ನೋಡುತ್ತದೆ. ಎರಡು ರಬ್ಬರು ಎಂಜಿನ್ನಿನ ಬದಿಗೆ, ಒಂದು ಗೇರ್‌ಬಾಕ್ಸಿನ ಬಾಲಕ್ಕೆ, ಈ ಮೂರು ಕಾಲು ಸಾಕು. ನಾಲ್ಕನೆಯದು ಕೊಟ್ಟರೆ ಚಾಸಿ ತಿರುಚಿದಾಗೆಲ್ಲ ಎಂಜಿನ್ನನ್ನೂ ತಿರುಚುತ್ತದೆ.

ರಬ್ಬರಿನ ಇನ್ನೊಂದು ಪರಿಣಾಮ ನನಗೆ ಮೊದಲ ಸಲ ಸೆಲ್ಫ್ ಹೊಡೆದ ದಿನ ಗೊತ್ತಾಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಬರೀ ಆಯಿಲ್ ಮೇಲೇರಲಿ ಅಂತ ಸೆಲ್ಫ್ ತಿರುಗಿಸುತ್ತಿದ್ದೆವು. ಮೋಟರು ಏದುತ್ತಿತ್ತು, ಆಯಿಲ್ ದೀಪ ಆರುತ್ತಿರಲಿಲ್ಲ. ಅಷ್ಟರಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ. ಹುಡುಗ ಕ್ಲಚ್ ಕೇಬಲ್ ಮುಟ್ಟಿ ಕೈ ಝಾಡಿಸಿದ. ಹೊರಕವಚ ಮೆತ್ತಗಾಗಿ ಒಳಗಿನ ತಂತಿ ಕಾಣುತ್ತಿತ್ತು. ರಬ್ಬರಿನ ಮೇಲೆ ಕೂತ ಎಂಜಿನ್ನಿಗೂ ಚಾಸಿಗೂ ಲೋಹದ ಸಂಬಂಧವೇ ಇಲ್ಲ. ನಾನು ಬ್ಯಾಟರಿಯ ಮೈನಸ್ಸನ್ನು ಚಾಸಿಗೆ ಕಟ್ಟಿ, ಅಲ್ಲಿಂದ ಎಂಜಿನ್ನಿಗೆ ಅರ್ಥಿಂಗ್ ಪಟ್ಟಿ ಹಾಕುವುದನ್ನು ಮರೆತಿದ್ದೆ. ಸೆಲ್ಫಿಗೆ ಬೇಕಾದ ಅಷ್ಟೂ ಕರೆಂಟು ಮರಳಿ ಬರಲು ಕ್ಲಚ್ ಕೇಬಲ್ಲನ್ನೇ ದಾರಿ ಮಾಡಿಕೊಂಡಿತ್ತು. ಹೆಬ್ಬೆರಳು ದಪ್ಪದ ಹೆಣೆದ ತಾಮ್ರದ ಪಟ್ಟಿ ಹಾಕಿ, ಬಣ್ಣ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿದ ಮೇಲೆ ಸೆಲ್ಫ್ ಚುರುಕಾಗಿ ತಿರುಗಿತು, ಹತ್ತೆಣಿಸುವುದರೊಳಗೆ ದೀಪ ಆರಿತು.

ರೇಡಿಯೇಟರಿನದ್ದು ಚಿಕ್ಕ ಮಾತು. ಬಾನೆಟ್ ತಗ್ಗು ಇರಲಿ ಅಂತ ರೇಡಿಯೇಟರನ್ನು ಎಂಜಿನ್ನಿನ ತಲೆಗಿಂತ ಕೆಳಗೆ ಕೂಡಿಸಿದರೆ ಗಾಳಿ ಮೇಲೆ ಸಿಕ್ಕಿಕೊಂಡು ಹೆಡ್ ಕಾಯುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಸಣ್ಣ ನೀರಿನ ಟ್ಯಾಂಕಿಟ್ಟು ಅಲ್ಲಿಂದ ತುಂಬಿಸಿ. ಗೇರ್ ಲಿವರಿಗೆ ಮಾತ್ರ ಸಮಯ ಇಟ್ಟುಕೊಳ್ಳಿ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ, ಗೇರ್‌ಬಾಕ್ಸ್ ಅದರ ಹಿಂದೆ, ಲಿವರ್ ಮುಂದೆ. ನಿಮ್ಮ ಕಾರಿನಲ್ಲಿ ನೀವು ಗೇರ್‌ಬಾಕ್ಸಿನ ಪಕ್ಕ ಕೂಡುತ್ತೀರಿ. ನಡುವಿನ ಜೋಡಣೆಯನ್ನು ಹೊಸದಾಗಿಯೇ ಕಟ್ಟಬೇಕು, ನನಗೆ ಎರಡು ತಿಂಗಳು ಹಿಡಿಯಿತು.

ಬಿಗಿದ ಪ್ರತಿ ನಟ್ಟಿನ ಮೇಲೂ, ಅದು ಕೂತ ಲೋಹದ ಮೇಲೂ ಸೇರಿ ಬಿಳಿ ಪೇಂಟಿನ ಒಂದು ಗೆರೆ ಎಳೆಯುತ್ತೇನೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದಂತೆ ಕಾಣುತ್ತದೆ. ಶಾಫ್ಟಿನ ನಾಲ್ಕು ಬೋಲ್ಟು, ಯು-ಬೋಲ್ಟಿನ ಎಂಟು ನಟ್ಟು, ಮೌಂಟಿಂಗುಗಳು, ಬಳೆಗಳು, ಎಲ್ಲಕ್ಕೂ ಇದೆ. ಹೊಲಕ್ಕೆ ಒಯ್ದಾಗೆಲ್ಲ ಓಡಿಸುವ ಮೊದಲು ಮಗಳು ಟಾರ್ಚ್ ಹಿಡಿದು ಕೆಳಗೆ ಮಲಗುತ್ತಾಳೆ, ಒಂದೊಂದೇ ಗೆರೆ ಓದುತ್ತಾಳೆ. ಹೋದ ಭಾನುವಾರ ಕೆಳಗಿನಿಂದಲೇ ಕೂಗಿದಳು: "ಅಪ್ಪಾ, ಎಡಗಡೆ ಯು-ಬೋಲ್ಟಿನ ಹಿಂದಿಂದು ಒಂದು ಸರದೈತಿ." ಬೆಣೆ ಹೊಸದು, ಕೂತ ಮೇಲೆ ಒಂಚೂರು ಒತ್ತಿಕೊಂಡಿತ್ತು. ಎಂಟನ್ನೂ ಮತ್ತೆ ಬಿಗಿದೆವು, ಹಳೆಯ ಗೆರೆ ಒರೆಸಿ ಹೊಸದು ಎಳೆದೆವು, ಆಮೇಲೆ ಕೀಲಿ ತಿರುಗಿಸಿದೆ.